ನಮ್ಮ ಮನೆಯಿಂದ ಹೋದ ಮರಿಗಳು

ಮೊದಲ ಫೋನು ಬಂದದ್ದು ಮಳೆಗಾಲ ಮುಗಿದು ಅಂಗಳದ ಪಾಚಿ ಒಣಗುತ್ತಿದ್ದ ಒಂದು ಬೆಳಿಗ್ಗೆ. ನಾನು ನಾಯಿಗಳ ಗಂಜಿಗೆ ಹಾಕಲು ಬೇಯಿಸಿದ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದೆ. ಕೈ ಒರೆಸಿಕೊಂಡು ಫೋನು ತೆಗೆದರೆ ಆ ಕಡೆ ಮಣಿಪಾಲದ ಒಬ್ಬ ಹುಡುಗಿ. ನಾಲ್ಕು ವರ್ಷದ ಹಿಂದೆ ನಮ್ಮಲ್ಲಿಂದ ಹೆಣ್ಣುಮರಿಯೊಂದನ್ನು ಕೊಂಡುಹೋಗಿದ್ದವಳು. ಊರು ಧಾರವಾಡದ ಕಡೆ, ಕೆಲಸ ಇಲ್ಲಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ.

"ಮೇಡಂ, ನಮ್ಮ ನಾಯಿ ಸಂಜಿಮುಂದ ಮೆಟ್ಟಿಲ ಹತ್ರ ಬಂದು ನಿಂತುಬಿಡ್ತದರೀ. ಹಗಲೊತ್ತು ಛಲೋ ಓಡ್ಯಾಡ್ತದ. ಬೆಳಕು ಕಮ್ಮಿ ಆತಂದ್ರ ಕಾಲು ಮುಂದ ಇಡಂಗಿಲ್ಲ. ಏನಾಗಿರಬೌದರೀ?"

ನಾನು ಎರಡು ಪ್ರಶ್ನೆ ಕೇಳಿದೆ. ಟಾರ್ಚು ಬಿಟ್ಟರೆ ಕಣ್ಣು ಮೊದಲಿಗಿಂತ ಹೆಚ್ಚು ಹೊಳೆಯುತ್ತದೆಯೇ? ಹೌದೆಂದಳು. ಬಿಸಿಲಿನಲ್ಲೂ ಕಣ್ಣಿನ ನಡುವಿನ ಪಾಪೆ ದೊಡ್ಡದಾಗಿಯೇ ಇರುತ್ತದೆಯೇ? ನೋಡಿ ಬರುತ್ತೇನೆಂದು ಹೋದಳು, ಬಂದು ಅದಕ್ಕೂ ಹೌದೆಂದಳು. ಈ ಎರಡು ಪ್ರಶ್ನೆ ಕೇಳಲು ಗೊತ್ತಿರುವವರಿಗೆ ಮೂರನೆಯದು ಬೇಕಾಗುವುದಿಲ್ಲ. ಆದರೂ ನಾನು ಹೇಳಿದ್ದು ಹೀಗೆ: "ಎಂತ ಇಲ್ಲಮ್ಮ, ಹೆದರಬೇಡಿ. ಧೂಳು ಬಿದ್ದಿರಬಹುದು. ಕುದಿಸಿ ಆರಿಸಿದ ನೀರಿನಲ್ಲಿ ದಿನಾ ತೊಳೆಯಿರಿ, ಅನ್ನಕ್ಕೆ ಸ್ವಲ್ಪ ಕ್ಯಾರೆಟ್ ಸೇರಿಸಿ. ನೆಲ ಒರೆಸುವ ಫಿನಾಯಿಲ್ ಬದಲಿಸಿ ನೋಡಿ, ಅದರ ಘಾಟಿಗೂ ಹೀಗೆ ಆಗುವುದುಂಟು."

ಅವಳು ಮೂರು ಸಲ ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ನಾನು ಉಳಿದ ಮೀನಿನ ಮುಳ್ಳು ಬಿಡಿಸಿದೆ.

ಇದನ್ನೆಲ್ಲ ಬರೆಯಲು ಕೂತಾಗ ಮೊದಲು ನಮ್ಮ ಬಗ್ಗೆ ನಾಲ್ಕು ಮಾತು ಹೇಳಬೇಕು. ನಾನು ಕಾಪುವಿನ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಇವರು, ನನ್ನ ಗಂಡ, ಗಲ್ಫಿನ ಬಂದರೊಂದರಲ್ಲಿ ಕ್ರೇನ್ ನಡೆಸುತ್ತಿದ್ದರು. ವರ್ಷಕ್ಕೊಮ್ಮೆ ಒಂದು ತಿಂಗಳ ಮಟ್ಟಿಗೆ ಬರುವ ಗಂಡ. ನನಗೆ ನಿವೃತ್ತಿಯಾದ ವರ್ಷವೇ ಅವರೂ ಕೆಲಸ ಬಿಟ್ಟು ಬಂದರು. ಬೆಳ್ಮಣ್ಣಿನಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಬೋಳು ಬಂಡೆಯಂಥ ಪಾದೆಯ ಮೇಲೆ ನಮಗೊಂದು ತುಂಡು ಜಾಗವಿತ್ತು. ಅಲ್ಲಿಂದ ನೋಡಿದರೆ ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. ಅಡಿಕೆ ತೆಂಗು ಏಳುವ ಮಣ್ಣಲ್ಲ. ಮನೆ ಕಟ್ಟಿ ಆರು ತಿಂಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಅಷ್ಟು ವರ್ಷ ಬೇರೆ ಬೇರೆ ಇದ್ದವರಿಗೆ ದಿನವಿಡೀ ಒಟ್ಟಿಗೆ ಇರುವುದು ಸುಲಭವಲ್ಲ. ನನ್ನ ಪಾತ್ರೆ ಅವರಿಗೆ ಸಿಗುತ್ತಿರಲಿಲ್ಲ, ಅವರ ರೇಡಿಯೋ ನನಗೆ ಆಗುತ್ತಿರಲಿಲ್ಲ.

ನಾಯಿಯ ಯೋಚನೆ ಅವರದು. ಬಂದರಿನ ಕಾವಲಿಗಿದ್ದ ಲ್ಯಾಬ್ರಡಾರುಗಳನ್ನು ಕ್ರೇನಿನ ಮೇಲಿನಿಂದ ವರ್ಷಗಟ್ಟಲೆ ನೋಡಿದ್ದರಂತೆ. "ಕೆಳಗೆ ಇಳಿದಾಗ ನನ್ನನ್ನು ನೋಡಿ ಸಂತೋಷಪಡುತ್ತಿದ್ದದ್ದು ಅವು ಮಾತ್ರ ಮಾರಾಯ್ತಿ," ಎಂದು ಒಮ್ಮೆ ಹೇಳಿದ್ದರು. ಒಂದು ಹಳದಿ ಹೆಣ್ಣುಮರಿ ತಂದರು, ಮರುವರ್ಷ ಇನ್ನೊಂದು ಊರಿನಿಂದ ಕರಿಯ ಗಂಡೊಂದನ್ನು ತಂದರು. ಕದ್ದುಮುಚ್ಚಿ ಮರಿ ಮಾರುವವರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಇವರಿಗೆ ಅದು ಬೇಡ. ಅರ್ಜಿ ಹಾಕಿ, ಪಶುವೈದ್ಯರನ್ನು ಕರೆಸಿ, ಗೂಡುಗಳ ಉದ್ದಗಲ ಅಳೆಸಿ, ಮೂರು ಸಲ ಉಡುಪಿಗೆ ಅಲೆದು ಲೈಸೆನ್ಸ್ ತಂದರು. ಅದಕ್ಕೆ ಕಟ್ಟು ಹಾಕಿಸಿ ಚಾವಡಿಯಲ್ಲಿ ನೇತುಹಾಕಿದರು. ನನ್ನ ಡಿಗ್ರಿಯ ಸರ್ಟಿಫಿಕೇಟು ಇವತ್ತಿಗೂ ಕಪಾಟಿನೊಳಗೆ ಉಂಟು.

ನಿಯಮಗಳನ್ನು ಅವರು ಅಕ್ಷರ ಬಿಡದೆ ಪಾಲಿಸಿದರು. ಹೆಣ್ಣಿಗೆ ಪ್ರಾಯ ತುಂಬುವವರೆಗೆ ಗಂಡಿನ ಹತ್ತಿರ ಬಿಡಲಿಲ್ಲ. ವರ್ಷಕ್ಕೆ ಒಂದೇ ಸೂಲು. ಎಂಟು ವಾರ ತುಂಬದೆ ಮರಿ ಮನೆ ಬಿಡುವ ಹಾಗಿಲ್ಲ. ಪ್ರತಿ ಮರಿಯ ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಚಿಪ್, ಅದರ ನಂಬರು, ಯಾರ ಮನೆಗೆ ಹೋಯಿತು, ಅವರ ವಿಳಾಸ, ಎಲ್ಲ ರಿಜಿಸ್ಟರಿನಲ್ಲಿ ಅವರ ದುಂಡು ಅಕ್ಷರದಲ್ಲಿ. ಹೆರಿಗೆ ನನ್ನ ಪಾಲು. ಮರಿ ಹೊರಬಂದ ಕೂಡಲೇ ಪೊರೆ ಬಿಡಿಸಿ, ಮೂಗು ಒರೆಸಿ, ಬಟ್ಟೆಯಲ್ಲಿ ತಿಕ್ಕಿ ಉಸಿರು ತರಿಸುವುದು. ತಿಕ್ಕಿ ತಿಕ್ಕಿ, ಇನ್ನು ಆಗಲಿಕ್ಕಿಲ್ಲ ಅನ್ನುವಾಗ ಕೈಯಲ್ಲಿ ಒಂದು ಕೀಚಲು ಹುಟ್ಟುತ್ತದಲ್ಲ, ಆಗ ಬಾಗಿಲಲ್ಲಿ ನಿಂತ ಇವರು ಉಸಿರು ಬಿಡುವುದು ನನಗೆ ಕೇಳುತ್ತಿತ್ತು. ನಾವು ಗಂಡಹೆಂಡತಿ ಸರಿಯಾಗಿ ಪರಿಚಯವಾದದ್ದು ಆ ಕೋಣೆಯಲ್ಲಿ ಅಂದರೆ ತಪ್ಪಿಲ್ಲ.

ನಮ್ಮ ಮರಿಗಳಿಗೆ ಒಳ್ಳೆಯ ಹೆಸರು ಬಂತು. ನಿಟ್ಟೆಯ ಕಾಲೇಜಿನವರು, ಮಣಿಪಾಲದ ಡಾಕ್ಟರುಗಳು, ಕಾಪು ಕಡಲ ಬದಿಯ ದೋಣಿಯ ಮನೆಯವರು, ಕಾರ್ಕಳದ ಅಂಗಡಿಯವರು, ಎಲ್ಲರೂ ಹುಡುಕಿಕೊಂಡು ಬಂದರು. "ಟೀಚರ ಮನೆಯ ಮರಿಯಾ? ಹಾಗಾದರೆ ಕಣ್ಣು ಮುಚ್ಚಿ ತರಬಹುದು," ಎಂದು ಜನ ಹೇಳುವುದು ನಮ್ಮ ಕಿವಿಗೂ ಬೀಳುತ್ತಿತ್ತು.

ಆ ಫೋನು ಬಂದ ಮಧ್ಯಾಹ್ನ ನಾನು ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ನಾಲ್ಕು ಮನೆಯ ಚೌಕ ಬರೆದೆ. ಪ್ರತಿ ವರ್ಷ ಜೂನ್ ಕಳೆದ ಮೇಲೆ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ಚೌಕ. ಕೆಲವು ದೋಷಗಳು ತಂದೆಯಲ್ಲೂ ತಾಯಿಯಲ್ಲೂ ಅಡಗಿ ಕೂತಿರುತ್ತವೆ, ಹೊತ್ತವರಿಗೆ ಏನೂ ಮಾಡುವುದಿಲ್ಲ. ಇಬ್ಬರಿಂದಲೂ ಅದು ಬಂದು ಸೇರಿದ ಮರಿಗೆ ಮಾತ್ರ ತೊಂದರೆ, ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದಕ್ಕೆ. ಲ್ಯಾಬ್ರಡಾರ್ ಜಾತಿಯಲ್ಲಿ ಕಣ್ಣಿನ ಪರದೆ ಮೆಲ್ಲಗೆ ಸಾಯುತ್ತಾ ಬರುವ ಇಂಥ ಒಂದು ರೋಗವಿದೆ. ಮೊದಲು ಮಬ್ಬಿನಲ್ಲಿ ಕಾಣಿಸುವುದಿಲ್ಲ, ಆಮೇಲೆ ಹಗಲೂ ಇಲ್ಲ. ಮರಿಯಾಗಿದ್ದಾಗ ಸುಳಿವಿರುವುದಿಲ್ಲ, ಮೂರು ನಾಲ್ಕು ವರ್ಷವಾದ ಮೇಲೆ ಶುರು. ಕೆನ್ನೆಯ ಒಳಗಿನ ಜೊಲ್ಲು ತೆಗೆದು ಕಳಿಸಿದರೆ ಅಡಗಿದ ದೋಷ ಉಂಟೋ ಇಲ್ಲವೋ ಗೊತ್ತಾಗುತ್ತದೆ. ನಾಯಿಗಳನ್ನು ತಂದ ವರ್ಷವೇ ಇದನ್ನು ಓದಿದ್ದೆ. ಓದಿ, ನಮ್ಮ ನಾಯಿಗಳಿಗೆ ಅಂಥದ್ದು ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಲೈಸೆನ್ಸಿಗೆ ಆ ಪರೀಕ್ಷೆಯನ್ನು ನಮ್ಮಿಂದ ಯಾರೂ ಕೇಳಲಿಲ್ಲ. ನಾವೂ ಮಾಡಿಸಲಿಲ್ಲ.

ಹಾಳೆಯನ್ನು ಚೂರು ಮಾಡಿ ಬಚ್ಚಲ ಒಲೆಗೆ ಹಾಕಿದೆ.

ಹತ್ತು ದಿನದಲ್ಲಿ ಹಳದಿ ನಾಯಿ ಬೆದೆಗೆ ಬಂತು. ಅದು ಅವಳ ನಾಲ್ಕನೆಯ ಸೂಲು ಆಗುವುದಿತ್ತು. ಇವರು ಕೋಣೆಗೆ ಸುಣ್ಣ ಬಳಿದರು, ಹೊಸ ಗೋಣಿ ಒಣಗಿಸಿದರು. "ಈ ಸಲ ಕಪ್ಪುಮರಿ ಜಾಸ್ತಿ ಬರ್ತದೆ ನೋಡು," ಅಂದರು. ನಾನು "ಹ್ಞೂಂ" ಅಂದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಕರಿಯನನ್ನು ಅವಳ ಬಳಿ ಬಿಡುವಾಗ ನಾನೇ ಗೇಟಿನ ಚಿಲಕ ತೆಗೆದುಕೊಟ್ಟೆ.

ಚಳಿಗಾಲದಲ್ಲಿ ಏಳು ಮರಿಗಳು ಹುಟ್ಟಿದವು, ಬೆಳಗಿನ ತಿಂಡಿಯ ಹೊತ್ತಿನಿಂದ ಊಟದ ಹೊತ್ತಿನವರೆಗೆ. ನಾಲ್ಕು ಕಪ್ಪು, ಮೂರು ಹಳದಿ. ಏಳಕ್ಕೂ ನಾನೇ ಉಸಿರು ತರಿಸಿದೆ. ಎರಡು ವಾರಕ್ಕೆ ಒಂದೊಂದೇ ಕಣ್ಣು ಬಿಟ್ಟವು. ಹಿಂದಿನ ಮೂರು ಸೂಲುಗಳಲ್ಲಿ ಅದು ನನಗೆ ಹಬ್ಬ. ಈ ಸಲ ಮರಿಗಳನ್ನು ಎತ್ತಿಕೊಂಡು ಕಣ್ಣು ನೋಡುವಾಗ ಏಳರಲ್ಲಿ ಯಾವುದು ಎಂದು ಹುಡುಕುತ್ತಿದ್ದೆ. ಆ ಪ್ರಾಯದಲ್ಲಿ ಏನೂ ತಿಳಿಯುವುದಿಲ್ಲವೆಂದು ಗೊತ್ತಿದ್ದೂ ಹುಡುಕುತ್ತಿದ್ದೆ. ಎಲ್ಲ ಕಣ್ಣೂ ಒಂದೇ ಥರ, ಹಾಲು ಬೆರೆತ ನೀಲಿ.

ಮರಿಗಳಿಗೆ ಐದು ವಾರವಾದಾಗ ಇನ್ನೊಂದು ಫೋನು. ನಿಟ್ಟೆಯಲ್ಲಿ ವಿದ್ಯಾರ್ಥಿಗಳಿಗೆ ಊಟದ ಮೆಸ್ ನಡೆಸುವವರು. ಎರಡನೆಯ ಸೂಲಿನ ಗಂಡುಮರಿ ಅವರಲ್ಲಿತ್ತು. "ಟೀಚರೇ, ಇವನಿಗೆ ಎಂತ ಆಗಿದೆ ಗೊತ್ತಾಗುವುದಿಲ್ಲ. ಸಂಜೆ ಮಕ್ಕಳು ಬಾಲ್ ಬಿಸಾಡಿದರೆ ಹಿಡಿಯುತ್ತಿದ್ದ. ಈಗ ಬಾಲ್ ಮುಖಕ್ಕೆ ಬಂದು ಬಡಿದ ಮೇಲೆ ಎಚ್ಚರ ಆಗ್ತದೆ."

"ಮೆಸ್ಸಿನ ಅನ್ನ ತಿಂದು ತೂಕ ಹೆಚ್ಚಾಗಿರಬೇಕು," ಎಂದೆ. "ಸ್ವಲ್ಪ ಕಮ್ಮಿ ಹಾಕಿ."

ಅವರು ನಕ್ಕರು. ನಾನೂ ನಕ್ಕೆ. ಮೂರು ವಾರದಲ್ಲಿ ಏಳು ಮರಿಗಳೂ ಏಳು ಮನೆಗಳಿಗೆ ಹೋದವು.

ಮೂರನೆಯ ಫೋನು ಇವರ ಕೈಗೆ ಬಂತು. ಗಾಯಗೊಂಡ ಬೀದಿನಾಯಿಗಳನ್ನು ನೋಡಿಕೊಳ್ಳುವ ಒಂದು ಶೆಡ್ಡಿನಿಂದ. ನಂದಿಕೂರಿನ ಹತ್ತಿರ ರಸ್ತೆಬದಿಯಲ್ಲಿ ಒಂದು ಹಳದಿ ಲ್ಯಾಬ್ರಡಾರ್ ಸಿಕ್ಕಿದೆ, ಯಾವುದೋ ಗಾಡಿ ಕಾಲಿನ ಮೇಲೆ ಹೋಗಿದೆ, ಚಿಪ್ ನೋಡಿದರೆ ನಿಮ್ಮ ಕೆನಲಿನ ನಂಬರ್ ಬರುತ್ತದೆ, ಎಂದರು. ಇವರು ರಿಜಿಸ್ಟರು ತೆಗೆದು ನಂಬರು ಹುಡುಕಿದರು. ಮೊದಲ ಸೂಲಿನ ಗಂಡುಮರಿ. ಕೊಂಡವರ ಫೋನು ಸ್ವಿಚ್ ಆಫ್. ಇಬ್ಬರೂ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಇವರು ಬೈಯುತ್ತಿದ್ದರು. "ಸಾಕಲಿಕ್ಕೆ ಆಗದಿದ್ದರೆ ನಮಗೆ ವಾಪಸ್ ಕೊಡಬಾರದಾ? ಬೀದಿಗೆ ಬಿಡುವುದಾ? ಎಂಥ ಮನುಷ್ಯರಪ್ಪ!" ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ನಾಯಿ ಸಿಮೆಂಟು ನೆಲದ ಮೇಲೆ ಮಲಗಿತ್ತು, ಹಿಂಗಾಲಿಗೆ ಬಟ್ಟೆ ಸುತ್ತಿದ್ದರು. ತಾಯಿಯದೇ ತಲೆ, ತಾಯಿಯದೇ ಅಗಲ ಎದೆ. ಇವರು ಹತ್ತಿರ ಹೋಗಿ ಕೂತರೂ ಅದು ಮುಖವನ್ನು ಬೇರೆ ಕಡೆ ಇಟ್ಟುಕೊಂಡೇ ಮೂಗಿನಿಂದ ಹುಡುಕಿತು. ಅಲ್ಲಿನ ಪಶುವೈದ್ಯರು ತರುಣಿ, ನಮ್ಮ ಲೈಸೆನ್ಸು ಗೀಸೆನ್ಸು ನೋಡಿ ಮರ್ಯಾದೆ ಕೊಡುವವರಲ್ಲ. ಟಾರ್ಚು ಹಾಕಿ ತೋರಿಸಿದರು. ಎರಡು ಕಣ್ಣೂ ಹಸಿರು ಗಾಜಿನಂತೆ ಹೊಳೆದವು. ಪಾಪೆ ಒಂದಿಷ್ಟೂ ಕುಗ್ಗಲಿಲ್ಲ.

"ಇದು ಪೂರ್ತಿ ಕುರುಡು. ಗಾಡಿ ಬರುವುದು ಕಾಣಲಿಲ್ಲ, ಅಷ್ಟೇ," ಎಂದರು. "ಅಪಘಾತದಿಂದ ಹೋದ ಕಣ್ಣಲ್ಲ ಸರ್. ತಂದೆ ತಾಯಿ ಇಬ್ಬರಿಂದಲೂ ಬಂದದ್ದು. ಇಬ್ಬರನ್ನೂ ಟೆಸ್ಟ್ ಮಾಡಿಸಿ. ಅಲ್ಲಿಯವರೆಗೆ ದಯವಿಟ್ಟು ಮರಿ ಹಾಕಿಸಬೇಡಿ."

ಇವರು ನನ್ನ ಮುಖ ನೋಡಿದರು. ಜೀವಶಾಸ್ತ್ರದ ಟೀಚರು ಏನಾದರೂ ಹೇಳಿಯಾಳು, ಡಾಕ್ಟರು ಹೇಳುವುದು ತಪ್ಪೆಂದಾಳು ಎಂದು ಕಾಯುತ್ತಿದ್ದರು.

ಮನೆಗೆ ಹಿಂದಿರುಗುವಾಗ ನಾನು ಹೇಳಿದೆ. "ನನಗೆ ಮೊದಲೇ ಗೊತ್ತಿತ್ತು. ಮಣಿಪಾಲದಿಂದ ಫೋನ್ ಬಂದಿತ್ತು. ಆಮೇಲೆ ನಿಟ್ಟೆಯಿಂದ."

ಕಾರು ಸ್ವಲ್ಪ ದೂರ ಹೋಯಿತು. ಬಸ್‌ಸ್ಟ್ಯಾಂಡು ದಾಟಿ ಬದಿಗೆ ಹಾಕಿ ಇಂಜಿನು ನಿಲ್ಲಿಸಿದರು.

"ಯಾವಾಗ ಬಂದದ್ದು?"

"ಮಳೆಗಾಲ ಮುಗಿದಾಗ."

"ಕರಿಯನನ್ನು ಬಿಡುವ ಮೊದಲಾ, ಆಮೇಲಾ?"

"ಮೊದಲು."

"ಎಷ್ಟು ಮೊದಲು?"

"ಹತ್ತು ದಿನ."

ಅವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತರು. ಬೈಯಲಿಲ್ಲ. ಒಂದು ಶಾಲೆಯ ಬಸ್ಸು ಹಿಂದಿನಿಂದ ಹಾರನ್ ಹೊಡೆಯಿತು, ಅದು ದಾಟಿಹೋದ ಮೇಲೆ ಕಾರು ಚಾಲು ಮಾಡಿದರು. ಮನೆಗೆ ಬಂದು ನೇರ ಗೂಡಿನ ಕಡೆ ಹೋದರು. ಅಂದಿನಿಂದ ಹನ್ನೊಂದು ದಿನ ನನ್ನೊಡನೆ ಮಾತಿಲ್ಲ. ಊಟ ಮಾಡುತ್ತಿದ್ದರು, ತಟ್ಟೆ ತಾವೇ ತೊಳೆದಿಡುತ್ತಿದ್ದರು. ನಾಯಿಗಳೊಡನೆ ಮಾತಾಡುವುದು ಕೇಳುತ್ತಿತ್ತು, ಮೊದಲಿಗಿಂತ ಮೆಲುದನಿಯಲ್ಲಿ. ಎರಡು ನಾಯಿಗಳ ಕೆನ್ನೆಗೂ ತಾವೇ ಹತ್ತಿಯ ಕಡ್ಡಿ ಹಾಕಿ ಪರೀಕ್ಷೆಗೆ ಕಳಿಸಿದರು. ಉತ್ತರ ಬಂದಾಗ ಫೋನನ್ನು ನನ್ನೆದುರು ಮೇಜಿನ ಮೇಲಿಟ್ಟು ಹೊರಗೆ ಹೋದರು. ಇಬ್ಬರಲ್ಲೂ ದೋಷ ಇತ್ತು. ಚೌಕದ ನಾಲ್ಕು ಮನೆ ನಾನು ಬರೆದ ಹಾಗೆಯೇ.

ಹನ್ನೆರಡನೆಯ ದಿನ ತಿಂಡಿಯಾದ ಮೇಲೆ ರಿಜಿಸ್ಟರನ್ನು ತಂದು ಮೇಜಿನ ಮೇಲಿಟ್ಟರು.

"ಫೋನ್ ಮಾಡು. ಎಲ್ಲರಿಗೂ."

"ನೀವು ಮಾಡುವುದಿಲ್ಲವಾ?"

"ನೀನೇ ಮಾಡು. ನಾನು ಇಲ್ಲಿ ಕೂತುಕೊಳ್ತೇನೆ."

ಕೂತರು. ಎದುರಿಗೆ, ಕುರ್ಚಿಯಲ್ಲಿ, ಕೈಕಟ್ಟಿ. ಮೂರು ದಿನ ಹಿಡಿಯಿತು. ಕೆಲವು ನಂಬರುಗಳಿಗೆ ಫೋನು ಹೋಗಲಿಲ್ಲ. ಕೆಲವರು ಅರ್ಥವಾಗದೆ, "ಇಲ್ಲ ಟೀಚರೇ, ನಮ್ಮದು ಚೆನ್ನಾಗುಂಟು," ಎಂದು ಇಟ್ಟರು. ಕಾರ್ಕಳದ ಅಂಗಡಿಯವರು ಕೂಗಾಡಿದರು: "ನೀವು ಪಾಠ ಹೇಳಿದವರು ಅಲ್ವಾ? ನಿಮ್ಮ ಬೋರ್ಡು ನೋಡಿ ಬಂದದ್ದು ನಾವು!" ಫೋನು ಕಿವಿಯಿಂದ ದೂರ ಹಿಡಿದರೂ ಎದುರು ಕೂತವರಿಗೆ ಕೇಳುವಷ್ಟು ಜೋರು. ನಿಟ್ಟೆಯವರು ಮಾತ್ರ, "ಪಾಪ, ನಾನು ಮೂರು ತಿಂಗಳಿನಿಂದ ಅವನಿಗೆ ಅರ್ಧ ಹೊಟ್ಟೆಗೆ ಹಾಕಿದ್ದೇನೆ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಎರಡು ಮನೆಗಳಿಗೆ ಫೋನಿನಲ್ಲಿ ಹೇಳುವುದು ಸಾಧ್ಯವಾಗಲಿಲ್ಲ, ಹೋಗಲೇಬೇಕಿತ್ತು. ಮೊದಲು ಮಣಿಪಾಲ.

ಹುಡುಗಿಯ ಮನೆ ಮೂರನೆಯ ಮಹಡಿಯಲ್ಲಿ. ಬಾಗಿಲು ತೆರೆದ ಕೂಡಲೇ ವಾಸನೆಯಿಲ್ಲದ ಮನೆ ಎಂದು ನನಗೆ ಅನ್ನಿಸಿತು. ನಾಯಿ ಗೋಡೆಗೆ ಮೈ ತಾಗಿಸಿಕೊಂಡು ನಡೆದು ಬಂದು ಇವರ ಕೈ ಮೂಸಿತು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ನೆಲದ ಮೇಲೆ ಕೂತುಬಿಟ್ಟಳು.

"ಫಿನಾಯಿಲ್ ಅಲ್ಲೇನ್ರಿ ಹಂಗಾರ?"

"ಅಲ್ಲಮ್ಮ."

"ನೀವು ಹೇಳಿದ ದಿನದಿಂದ ಈ ಮನ್ಯಾಗ ನೆಲಕ್ಕ ಬರೇ ನೀರು ಹಾಕ್ತೀನಿ ಮೇಡಂ. ಲ್ಯಾಬಿನಿಂದ ಬಂದು ಬಟ್ಟಿ ಬಾಗಿಲ ಹೊರಗ ಬದಲ್ ಮಾಡ್ತಿದ್ದೆ. ನನ್ನ ಕೈಯಾಗಿನ ಕೆಮಿಕಲ್ಲಿಂದ ಅದರ ಕಣ್ಣು ಹೋಗಾಕತ್ತಾವ ಅಂತ ಏಳು ತಿಂಗಳು..." ನಾಯಿ ಅವಳ ದನಿ ಬಂದ ಕಡೆ ಹೋಗಿ ತೊಡೆಯ ಮೇಲೆ ತಲೆಯಿಟ್ಟಿತು. "ಎರಡು ತಿಂಗಳು ಇದನ್ನ ಮುಟ್ಟೇ ಇಲ್ರಿ ನಾನು," ಎಂದಳು. "ಮುಟ್ಟಿದ್ರ ಹೆಚ್ಚಾಗ್ತದ ಅಂತ."

ಮೆಟ್ಟಿಲಿಳಿಯುವಾಗ ಇವರು ನನಗಿಂತ ಎರಡು ಮೆಟ್ಟಿಲು ಮುಂದೆ ಇದ್ದರು. ಹಿಂದೆ ತಿರುಗಿ ನೋಡಲಿಲ್ಲ.

ಮರುದಿನ ಕಾಪು. ಮೊದಲ ಸೂಲಿನ ಇನ್ನೊಂದು ಹೆಣ್ಣುಮರಿ ಅಲ್ಲಿ, ದೋಣಿಯ ಮನೆಯಲ್ಲಿತ್ತು. ಮನೆಯ ಯಜಮಾನಿ ಮೀನು ಮಾರುವವರು, ನನ್ನದೇ ಪ್ರಾಯ. ನಾವು ಹೋದಾಗ ಮಾರ್ಕೆಟಿನಿಂದ ಬಂದು ಬುಟ್ಟಿ ತೊಳೆದು ಕವುಚಿ ಹಾಕುತ್ತಿದ್ದರು. ನಾಯಿ ಬಲೆಯ ರಾಶಿಯ ಪಕ್ಕ ಮಲಗಿತ್ತು. ನಾನು ಬಂದ ವಿಷಯ ಹೇಳಿದ್ದಕ್ಕೆ ಅವರು ಕೈ ಬೀಸಿದರು.

"ಅದಕ್ಕೆ ಕಾಣುವುದಿಲ್ಲ ಅಂತ ನಮಗೆ ಗೊತ್ತುಂಟು ಟೀಚರೇ. ಆರು ತಿಂಗಳಾಯ್ತು. ನಾವು ಮಂಚ, ಬುಟ್ಟಿ ಎಲ್ಲ ಇದ್ದಲ್ಲೇ ಇಡ್ತೇವೆ, ಅದು ತಿರುಗಾಡಿಕೊಂಡು ಉಂಟು. ಇದನ್ನು ಹೇಳಲಿಕ್ಕೆ ಅಲ್ಲಿಂದ ಬಂದದ್ದಾ? ಕೂತುಕೊಳ್ಳಿ. ಚಾ ಮಾಡ್ತೇನೆ."

ಚಾ ಬಂತು, ಜೊತೆಗೆ ಒಂದು ತಟ್ಟೆ ಬಿಸ್ಕತ್ತು. ಇವರ ಮುಖ ಎಷ್ಟೋ ದಿನಗಳ ನಂತರ ಸ್ವಲ್ಪ ಸಡಿಲಾಯಿತು. ನಾನೂ ಲೋಟ ತೆಗೆದುಕೊಂಡೆ. ಆಗ ಯಜಮಾನಿ ಏನೋ ನೆನಪಾದವರಂತೆ ಕೇಳಿದರು.

"ಅಲ್ಲ, ಮೊನ್ನೆ ಮೊನ್ನೆ ನನ್ನ ತಮ್ಮನ ಮನೆಗೆ ಒಂದು ಮರಿ ಕೊಟ್ಟಿದ್ದೀರಲ್ಲ, ಕಪ್ಪು. ನಾನೇ ಹೇಳಿ ಕಳಿಸಿದ್ದು. ಅದಕ್ಕೂ ಹೀಗೇ ಆಗ್ತದಾ?"

"ಆಗಬಹುದು. ಆಗದೆಯೂ ಇರಬಹುದು. ಪರೀಕ್ಷೆ ಮಾಡಿಸಬೇಕು. ನಾವೇ ಮಾಡಿಸಿಕೊಡುತ್ತೇವೆ."

"ಅದನ್ನು ಕೊಡುವಾಗ ನಿಮಗೆ ಇದು ಗೊತ್ತಿತ್ತಾ?"

ಫೋನಿನಲ್ಲಿ ಮಾತಾಡಿದ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಏನಾಗುತ್ತದೆ, ಮದ್ದು ಉಂಟಾ, ಎಷ್ಟು ದಿನ ಎಂದು ಕೇಳಿದ್ದರು. ಇವರು ನನ್ನ ಕಡೆ ನೋಡಲಿಲ್ಲ, ಲೋಟದೊಳಗೆ ನೋಡುತ್ತಿದ್ದರು. ನಾನು ಇಲ್ಲವೆಂದಿದ್ದರೆ ಇವರು ನನ್ನನ್ನು ಬಿಟ್ಟುಕೊಡುತ್ತಿರಲಿಲ್ಲ, ಅಷ್ಟು ನನಗೆ ಗೊತ್ತು.

"ಗೊತ್ತಿತ್ತು," ಎಂದೆ.

"ಸರಿಯಾಗಿ ಗೊತ್ತಿತ್ತಾ, ಸಂಶಯ ಇದ್ದದ್ದಾ?"

"ಸರಿಯಾಗಿಯೇ ಗೊತ್ತಿತ್ತು."

ಅವರು ನನ್ನನ್ನು ನೋಡಿದರು. "ನಾವು ಹಾಳಾದ ಮೀನು ಬುಟ್ಟಿಯಲ್ಲಿ ಉಂಟೆಂದಾದರೆ ಬಾಯಿ ಬಿಟ್ಟು ಹೇಳ್ತೇವೆ ಟೀಚರೇ," ಎಂದರು. "ಹೇಳಿಯೇ ಕೊಡುವುದು. ಬೇಕಾದವರು ಗೊಬ್ಬರಕ್ಕೆ ಒಯ್ತಾರೆ." ಆಮೇಲೆ ಬಿಸ್ಕತ್ತಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾವು ಸ್ವಲ್ಪ ಹೊತ್ತು ಕಾದೆವು. ಅವರು ಹೊರಗೆ ಬರಲಿಲ್ಲ. ಲೋಟಗಳನ್ನು ಜಗಲಿಯ ಮೇಲಿಟ್ಟು ಎದ್ದು ಬಂದೆವು.

ಆಮೇಲಿನದ್ದು ಬೇಗ ಹೇಳಿ ಮುಗಿಸಬಹುದು. ಇವರು ಉಡುಪಿಗೆ ಹೋಗಿ ಲೈಸೆನ್ಸು ಹಿಂದಿರುಗಿಸುತ್ತೇನೆಂದು ಕಾಗದ ಕೊಟ್ಟರು. ಅಲ್ಲಿನವರೊಬ್ಬರು, "ಯಾಕೆ ಸರ್, ಬೇರೆ ಗಂಡುನಾಯಿ ತಂದರಾಯ್ತು, ಟೆಸ್ಟ್ ಮಾಡಿಸಿಯೇ ತನ್ನಿ. ನಿಮ್ಮಷ್ಟು ಕ್ರಮದಲ್ಲಿ ಮಾಡುವವರು ಯಾರಿದ್ದಾರೆ?" ಎಂದರಂತೆ. ಅದು ನಿಜವೇ. ದೋಷವಿಲ್ಲದ ಗಂಡು ಸಿಕ್ಕಿದರೆ ಹಳದಿ ನಾಯಿಯ ಮರಿಗಳಿಗೆ ಕುರುಡುತನ ಬರುವುದಿಲ್ಲ, ಚೌಕ ಹಾಗೆಯೇ ಹೇಳುತ್ತದೆ. ಆದರೆ ಇವರು ಒಪ್ಪಲಿಲ್ಲ. ಎರಡು ನಾಯಿಗಳಿಗೂ ಮರಿಯಾಗದ ಹಾಗೆ ಆಪರೇಶನ್ ಮಾಡಿಸಿದರು. ಗೇಟಿನ ಬೋರ್ಡು ತೆಗೆದು, ಮೊಳೆಯ ತೂತುಗಳಿಗೆ ಸಿಮೆಂಟು ಮೆತ್ತಿದರು. ರಸ್ತೆಯಲ್ಲಿ ಸಿಕ್ಕಿದ ಗಂಡುನಾಯಿಯನ್ನು ಮನೆಗೆ ತಂದೆವು. ಅದರ ಹಿಂಗಾಲು ಉಳಿಯಲಿಲ್ಲ. ಅದನ್ನು ಬಿಟ್ಟುಹೋದವರು ಯಾಕೆ ಬಿಟ್ಟರೆಂದು ಇವತ್ತಿಗೂ ಗೊತ್ತಿಲ್ಲ. ಕಣ್ಣಿನ ರೋಗವೆಂದು ಅವರಿಗೆ ಯಾರಾದರೂ ಮೊದಲೇ ಹೇಳಿದ್ದರೆ ಬಿಡುತ್ತಿರಲಿಲ್ಲವೋ ಏನೋ. ಅವರು ನನಗೆ ಫೋನು ಮಾಡಿರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಕಡೆಯ ಏಳು ಮರಿಗಳಲ್ಲಿ ಐದರ ಪರೀಕ್ಷೆಯಾಯಿತು. ಎರಡಕ್ಕೆ ರೋಗ ಬರುವುದು ಖಚಿತ. ಒಂದನ್ನು ಆ ಮನೆಯವರು ಹಿಂದೆ ತಂದುಬಿಟ್ಟರು, ಈಗ ನಮ್ಮಲ್ಲಿದೆ. ಇನ್ನೊಂದನ್ನು ಕಾಪುವಿನವರ ತಮ್ಮ ಕೊಡಲಿಲ್ಲ, ಇರಲಿ ಎಂದರು. ಉಳಿದ ಎರಡು ಮನೆಯವರು ಪರೀಕ್ಷೆಯೇ ಬೇಡವೆಂದರು. ಒಬ್ಬರು, "ಈಗ ಆಡಿಕೊಂಡು ಉಂಟು. ಗೊತ್ತಾಗಿ ಎಂತ ಮಾಡುವುದು?" ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಮಾತು ಬಹಳ ಪರಿಚಯದ್ದು.

ಇವರು ಈಗ ಮಾತಾಡುತ್ತಾರೆ. ಪೇಟೆಯಿಂದ ಎಂತ ತರಲಿ, ಬಿಸಿನೀರು ಕಾಯಿತಾ, ನಾಳೆ ಕರೆಂಟ್ ಇಲ್ಲವಂತೆ. ಹಿಂದೆ ಹೆರಿಗೆಯ ಕೋಣೆಯಲ್ಲಿ ಗಂಟೆಗಟ್ಟಲೆ ಕೂತು ಬಂದರಿನ ಕಥೆ ಹೇಳುತ್ತಿದ್ದರು. ಆ ಕೋಣೆಯಲ್ಲಿ ಈಗ ಕಟ್ಟಿಗೆ ಇಟ್ಟಿದ್ದೇವೆ.

ಹೋದ ವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಅನ್ನ ಕಲಸುತ್ತಾ, ತಲೆಯೆತ್ತದೆ ಕೇಳಿದರು.

"ಅವತ್ತು ನನಗೆ ಯಾಕೆ ಹೇಳಲಿಲ್ಲ?"

ಒಂದು ವರ್ಷಕ್ಕೂ ಮೇಲಾಗಿತ್ತು, ಈ ಪ್ರಶ್ನೆಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಉತ್ತರ ನನ್ನಲ್ಲಿ ತಯಾರಿತ್ತು.

"ನೀವು ಕೋಣೆಗೆ ಸುಣ್ಣ ಬಳಿಯುತ್ತಿದ್ದಿರಿ. ಅಷ್ಟು ಖುಷಿಯಲ್ಲಿದ್ದಿರಿ. ಹೇಳಲಿಕ್ಕೆ ಮನಸ್ಸಾಗಲಿಲ್ಲ."

ಅವರು ಕಲಸಿದ ಅನ್ನವನ್ನು ತಟ್ಟೆಯ ಬದಿಗೆ ಸರಿಸಿದರು. "ಅದಲ್ಲ," ಎಂದರು.

"ಅದಲ್ಲ," ಎಂದು ನಾನೂ ಒಪ್ಪಿಕೊಂಡೆ.

ಮುಂದೆ ಕೇಳಲಿಲ್ಲ. ಸಾರು ಬಡಿಸು ಎಂದರು, ಬಡಿಸಿದೆ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಮೂವತ್ತು ವರ್ಷ ಒಂದೊಂದು ಬೆಂಚಿನಲ್ಲಿ ಐದೈದು ಮಕ್ಕಳು ನಾನು ಹೇಳಿದ್ದನ್ನು ಬರೆದುಕೊಂಡರು. ನಿವೃತ್ತಿಯಾದ ಮೇಲೆ ನನ್ನಿಂದ ಬರೆದುಕೊಳ್ಳುವವರಿರಲಿಲ್ಲ. ನಾಯಿಗಳು ಬಂದ ಮೇಲೆ ಪುನಃ ಫೋನು ಬರತೊಡಗಿತು, ಟೀಚರೇ ಇದಕ್ಕೆ ಎಂತ ಮಾಡುವುದು, ಅದಕ್ಕೆ ಎಂತ ಕೊಡುವುದು ಎಂದು. ಆ ಬೆಳಿಗ್ಗೆ ಮಣಿಪಾಲದ ಹುಡುಗಿ ಕೇಳಿದಾಗ ನನಗೆ ಉತ್ತರ ಗೊತ್ತಿತ್ತು. ಆದರೆ ಆ ಉತ್ತರ ಹೇಳಿದರೆ ಮರುದಿನದಿಂದ ನನ್ನನ್ನು ಕೇಳುವವರಿಲ್ಲ ಎಂಬುದೂ ಗೊತ್ತಿತ್ತು. ಅಷ್ಟೇ ವಿಷಯ. ಇದನ್ನು ಅವರಿಗೆ ಊಟದ ತಟ್ಟೆಯ ಎದುರು ಹೇಳಲು ಆಗಲಿಲ್ಲ. ಬರೆದಿಟ್ಟಿದ್ದೇನೆ. ಓದುವುದಾದರೆ ಓದಲಿ.